‘ಹೇಳಿದ್ರೆ ಬರ್ತಿದ್ವಿ’ ಅನ್ನುವ ದಾವಣಗೆರೆಯವರಿಗೆ

ದಾವಣಗೆರೆಯ ಅಣ್ಣಂದಿರೆ, ಅಕ್ಕಂದಿರೆ, ನಮಸ್ಕಾರ.

ಒಂದು ಮಾತನ್ನು ಈ ಮೂರು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಟೇಬಲ್ ಖಾಲಿಯಾಗಲಿ ಅಂತ ಕಾಯುತ್ತಾ ನಿಂತಾಗ ಕೇಳಿದ್ದೇನೆ. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದಾಗಲೂ ಕೇಳಿದ್ದೇನೆ. ಆಗಂತೂ ಉತ್ತರ ಕೊಡುವ ಹಾಗೂ ಇರಲಿಲ್ಲ.

“ಅಯ್ಯೋ, ಶನಿವಾರ ನಾಟಕ ಇತ್ತೇನ್ರಿ? ಗೊತ್ತೇ ಆಗ್ಲಿಲ್ಲ ನೋಡ್ರಿ. ಹೇಳಿದ್ರೆ ಬರ್ತಿದ್ವಿ.”

ನಿಮಗೆ ಇದು ಸುಮ್ನೆ ಒಂದು ಉಪಚಾರದ ಮಾತು. ನನಗೆ ಚುಚ್ಚುತ್ತದೆ. ಯಾಕಂದರೆ ಹೇಳುವುದೇ ನನ್ನ ಕೆಲಸ.

ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿ ಕಂಪನಿಗಳ ಪ್ರಚಾರ ನೋಡಿಕೊಂಡವಳು ನಾನು. ಸೋಪು, ಅಪಾರ್ಟ್‌ಮೆಂಟು, ಮೊಣಕಾಲು ಆಪರೇಷನ್ನು, ಎಲ್ಲದರ ಬಗ್ಗೆಯೂ ಜನರಿಗೆ ಹೇಳಿದ್ದೇನೆ. ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಬಂದೆ, ವಾಪಸ್ ಹೋಗಲಿಲ್ಲ. ಈಗ ವಿದ್ಯಾನಗರದ ಮನೆಯ ಮಹಡಿಯಲ್ಲಿ ಕೂತು ಅದೇ ಕೆಲಸ ಮಾಡುತ್ತೇನೆ. ಅದು ಹೊಟ್ಟೆಪಾಡು. ಸಂಜೆ ಆದರೆ ಸ್ಕೂಟಿ ಹಳೇ ದಾವಣಗೆರೆ ಕಡೆ ತಿರುಗುತ್ತದೆ.

ಅಲ್ಲಿ ಒಂದು ಓಣಿಯಲ್ಲಿ, ಒಂದು ಕಾಲಕ್ಕೆ ಅರಳೆ ಅಂಡಿಗೆ ಒಟ್ಟುತ್ತಿದ್ದ ಗೋಡೌನು ಇದೆ. ತಗಡಿನ ಮಾಡು, ಮಣ್ಣಿನ ದಪ್ಪ ಗೋಡೆ. ನಾಟಕದ ಹುಚ್ಚಿನ ಒಂದಷ್ಟು ಜನ ಸೇರಿ ಅದನ್ನು ಬಾಡಿಗೆಗೆ ಹಿಡಿದಿದ್ದಾರೆ. ವಾರದ ಸಂಜೆಗಳಲ್ಲಿ ಹೆಣ್ಣುಮಕ್ಕಳ ಡೊಳ್ಳು ತಂಡ ಅಭ್ಯಾಸ ಮಾಡುತ್ತದೆ. ಭಾನುವಾರ ಬೆಳಿಗ್ಗೆ ಮಕ್ಕಳು ನೆಲದ ಮೇಲೆ ಡ್ರಾಯಿಂಗ್ ಹಾಳೆ ಹರಡಿಕೊಂಡು ಕೂರುತ್ತಾರೆ. ಗುರುವಾರ ತತ್ವಪದದ ಭಜನೆ. ಶನಿವಾರ ನಾಟಕ, ಬಯಲಾಟ, ಇಲ್ಲವೇ ಅದರ ತಾಲೀಮು. ಆ ಜಾಗಕ್ಕೆ ಒಂದು ಒಳ್ಳೆಯ ಹೆಸರಿದೆ. ನಾನೇ ಅದನ್ನು ಅಂದವಾಗಿ ಬರೆಸಿ ಬಾಗಿಲಿಗೆ ಹಾಕಿಸಿದ್ದೆ. ಓಣಿಯವರು ಮಾತ್ರ ‘ನಾಟಕದ ಗೋಡೌನು’ ಅಂತಲೇ ಕರೆಯುತ್ತಾರೆ. ಕೊನೆಗೆ ನಾನೂ ಹಾಗೇ ಕರೆಯತೊಡಗಿದೆ. ಬ್ರ್ಯಾಂಡ್ ಬಗ್ಗೆ ಭಾಷಣ ಮಾಡುತ್ತಿದ್ದವಳು ನಾನು!

ಅಲ್ಲಿ ನನ್ನ ಕೆಲಸ, ಒಳಗೆ ನಡೆಯುವುದನ್ನು ಹೊರಗೆ ಹೇಳುವುದು. ಸಂಬಳ ಇಲ್ಲ. ಪುಣ್ಯದ ಕೆಲಸ ಅಂತ ಅಂದುಕೊಳ್ಳಬೇಡಿ, ಚಹಾ ಮತ್ತು ನರ್ಗೀಸ್ ಮಂಡಕ್ಕಿ ಲೆಕ್ಕಕ್ಕಿಂತ ಜಾಸ್ತಿಯೇ ಸಿಗುತ್ತದೆ.

ಮೊದಲು ನನ್ನ ತಪ್ಪು ಹೇಳುತ್ತೇನೆ. ನಿಮ್ಮ ಸರದಿ ಆಮೇಲೆ.

ಮೊದಲ ವರ್ಷ ಬೆಂಗಳೂರಿನಲ್ಲಿ ಕಲಿತದ್ದನ್ನೆಲ್ಲ ತಂದು ಇಲ್ಲಿ ಸುರಿದೆ. ಲೋಗೋ ಮಾಡಿಸಿದೆ. ಅದಕ್ಕೆ ಎರಡು ಬಣ್ಣ ಗೊತ್ತು ಮಾಡಿ, ಬೇರೆ ಬಣ್ಣ ಯಾರೂ ಮುಟ್ಟಬಾರದು ಅಂದೆ. ಇನ್‌ಸ್ಟಾಗ್ರಾಂಗೆ ರೀಲ್ಸ್ ಹಾಕಿದೆ. ಹಿರಿಯೂರು ಕಡೆಯಿಂದ ಒಂದು ಮೂಡಲಪಾಯ ಬಯಲಾಟದ ತಂಡ ಬರುವುದಿತ್ತು. ಬೆಳತನಕ ಆಡುವ ಆಟವನ್ನು ನಮಗಾಗಿ ಮೂರು ಗಂಟೆಗೆ ಇಳಿಸಿಕೊಂಡಿದ್ದರು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ, ಮುಚ್ಚಿದ ಸಭಾಂಗಣ ಬಿಟ್ಟರೆ, ರಾತ್ರಿ ಹತ್ತರ ಮೇಲೆ ಮೈಕ್ ಹಾಕುವ ಹಾಗಿಲ್ಲ; ನಮ್ಮದು ತಗಡಿನ ಮಾಡು ನೋಡಿ. ತಾಲೀಮಿನ ವಿಡಿಯೊ ಮಾಡಿ ಹಾಕಿದೆ. ಕಿರೀಟ, ಭುಜಕೀರ್ತಿ, ಮುಖದ ಬಣ್ಣ, ಎಲ್ಲ ಚೆನ್ನಾಗಿ ಬಂದಿತ್ತು. ಒಂಬತ್ತು ಸಾವಿರ ಸಲ ಓಡಿತು. ನಾನು ಕುರ್ಚಿ ಸಾಲದೆ ಹೋದೀತು ಅಂತ ಶಾಮಿಯಾನದವರಿಗೆ ಫೋನ್ ಮಾಡಿ ಇನ್ನೂ ಐವತ್ತು ಕುರ್ಚಿ ತರಿಸಿದೆ.

ಬಂದವರು 23 ಜನ. ಅದರಲ್ಲಿ ಆರು ಜನ ಭಾಗವತರ ಮನೆಯವರು.

ಭಾಗವತರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಎರಡು ಸಾವಿರ ಜನ ಕೂತಿದ್ದಾರೆ ಅನ್ನುವ ಹಾಗೆ ಹಾಡಿದರು. ನಾನು ಹಿಂದಿನ ಸಾಲಿನಲ್ಲಿ ಖಾಲಿ ಕುರ್ಚಿಗಳ ನಡುವೆ ತಲೆ ತಗ್ಗಿಸಿ ಕೂತಿದ್ದೆ.

ಆಟ ಮುಗಿದ ಮೇಲೆ ಚಹಾ ಕುಡಿಯಲು ಎದುರಿನ ಅಂಗಡಿಗೆ ಹೋದೆ. ಅಂಗಡಿಯ ಅಣ್ಣ ಗ್ಲಾಸು ತೊಳೆಯುತ್ತಾ ಕೇಳಿದರು: “ಏನಮ್ಮ, ಒಳಗೆ ಬಯಲಾಟ ಆತಂತೆ? ನಾನು ಸಣ್ಣಾವ ಇದ್ದಾಗ ನೋಡಿದ್ದು. ಒಂದ್ ಮಾತು ಹೇಳಿದ್ರೆ ಬರ್ತಿದ್ನಲ್ಲ.”

ಅವರ ಒಲೆಗೂ ನಮ್ಮ ಬಾಗಿಲಿಗೂ ಇಪ್ಪತ್ತು ಹೆಜ್ಜೆ.

ಮನೆಗೆ ಬಂದು ಆ ಒಂಬತ್ತು ಸಾವಿರದ ಲೆಕ್ಕ ತೆಗೆದು ನೋಡಿದೆ. ಮುಕ್ಕಾಲು ಪಾಲು ಬೆಂಗಳೂರಿನವರು. ದುಬೈಯಿಂದ ನೋಡಿದವರೂ ಇದ್ದರು, ‘ಸೂಪರ್’ ಅಂತ ಬರೆದಿದ್ದರು ಪಾಪ. ಆ ಇಪ್ಪತ್ತು ಹೆಜ್ಜೆ ಮಾತ್ರ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಹಾಗಾಗಿ, ಮೊದಲ ವರ್ಷ ‘ಹೇಳಿದ್ರೆ ಬರ್ತಿದ್ವಿ’ ಅಂದವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ನಾನು ನಿಮಗೆ ಹೇಳಿರಲೇ ಇಲ್ಲ.

ನಮ್ಮಲ್ಲಿ ಒಬ್ಬರು ಹಾರ್ಮೋನಿಯಂ ಮೇಷ್ಟ್ರಿದ್ದಾರೆ. ಮೂವತ್ತು ವರ್ಷ ಕಂಪನಿ ನಾಟಕಗಳಲ್ಲಿ ಊರೂರು ಅಲೆದವರು. ನನ್ನ ಸಪ್ಪೆ ಮುಖ ನೋಡಿ ನಕ್ಕರು. “ಊರಿಗೆ ಹೇಳ್ಬೇಕಂದ್ರೆ ಊರೊಳಗೆ ಹೋಗ್ಬೇಕವ್ವ. ನೀನು ಫೋನೊಳಗೆ ಹೋಗಿ ಕುಂತಿ.”

ಆಮೇಲೆ ಅವರು ಹೇಳಿದ್ದು ಯಾವ ಮಾರ್ಕೆಟಿಂಗ್ ಕ್ಲಾಸಿನಲ್ಲೂ ನನಗೆ ಸಿಕ್ಕಿರಲಿಲ್ಲ. ಕಂಪನಿ ಒಂದು ಊರಲ್ಲಿ ಕ್ಯಾಂಪ್ ಹಾಕಿದರೆ ಮೊದಲು ಹೊರಡುತ್ತಿದ್ದದ್ದು ಜಟಕಾ ಗಾಡಿ. ಎರಡೂ ಬದಿಗೆ ಬಣ್ಣದ ಬೋರ್ಡು, ಮುಂದೆ ಬ್ಯಾಂಡು, ಹಿಂದೆ ಹ್ಯಾಂಡ್‌ಬಿಲ್ ಎಸೆಯುವ ಹುಡುಗ. ಕೆಂಪು, ಹಳದಿ, ಹಸಿರು ಕಾಗದದ ಹ್ಯಾಂಡ್‌ಬಿಲ್ಲಿಗೆ ಮಕ್ಕಳು ಗಾಡಿ ಹಿಂದೆ ಓಡುತ್ತಿದ್ದರು. ಅದೇ ಕಾಗದ ಮನೆ ಸೇರುತ್ತಿತ್ತು. ನಾಟಕದ ಹೆಸರಿನ ಕೆಳಗೆ ತಪ್ಪದೆ ಒಂದು ‘ಅರ್ಥಾತ್’. ಒಂದು ಹೆಸರು ಹಿಡಿಸದಿದ್ದರೆ ಇನ್ನೊಂದು ಹಿಡಿಸಲಿ ಅಂತ. ಕ್ಯಾಂಪ್ ಮುಗಿಯುತ್ತಾ ಬಂದಾಗ ‘ಕೊನೆಯ ಮೂರೇ ಆಟ’ ಅಂತ ಬೋರ್ಡು. ಆ ಕೊನೆಯ ಮೂರು ಆಟ ಎಷ್ಟೋ ಸಲ ಎರಡು ತಿಂಗಳು ನಡೆಯುತ್ತಿತ್ತಂತೆ. ಈಗಿನ ‘ಇಂದೇ ಕೊನೆಯ ದಿನ’ದ ಆಫರ್‌ಗಳನ್ನು ನೋಡಿದರೆ ಮೇಷ್ಟ್ರು ಮುಗುಳ್ನಗುತ್ತಾರೆ.

ಇದು ಬೇರೆಲ್ಲೋ ನಡೆದ ಕತೆ ಅಲ್ಲ, ನಮ್ಮೂರಿನದೇ. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದು. ಅವರ ಮಗಳು ಚಿಂದೋಡಿ ಲೀಲಾ ಪದ್ಮಶ್ರೀ ತನಕ ಹೋದವರು, 2010ರಲ್ಲಿ ತೀರಿಕೊಂಡರು. ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ಶಿಫ್ಟ್ ಮುಗಿಸಿದವರು, ಮಂಡಿ ಹಮಾಲರು ಸೀದಾ ಟಿಕೆಟ್ ಕೌಂಟರಿಗೆ ಬರುತ್ತಿದ್ದರು ಅಂತ ಹಿರಿಯರು ಈಗಲೂ ಹೇಳುತ್ತಾರೆ. ನೆಲಕ್ಕೆ ಒಂದು ರೇಟು, ಬೆಂಚಿಗೆ ಒಂದು, ಕುರ್ಚಿಗೆ ಒಂದು. ಈಗ ಸರ್ಕಾರ ವೃತ್ತಿ ರಂಗಭೂಮಿಗೆಂದೇ, ಅಂದರೆ ಈ ಕಂಪನಿ ನಾಟಕಗಳಿಗೆಂದೇ, ಒಂದು ರಂಗಾಯಣವನ್ನು ದಾವಣಗೆರೆಗೆ ಕೊಟ್ಟಿದೆ ಅಂದರೆ ಅದು ಸುಮ್ನೆ ಅಲ್ಲ. ದುಡ್ಡು ಕೊಟ್ಟು ನಾಟಕ ನೋಡಿದ ಊರು ಇದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನಮ್ಮೂರ ದೇವತೆ ದುಗ್ಗಮ್ಮನ ಜಾತ್ರೆಯನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆ ಇದೆ ಅಂತ ತಮಟೆ ಹೊಡೆದು ಸಾರು ಹಾಕಿದರೆ ಮುಗಿಯಿತು, ಮುಂಬೈ ಸೇರಿದವರೂ ರೈಲು ಹತ್ತುತ್ತಾರೆ. ತಮಟೆ ಹೊಡೆದು ಸಾರುವವನೇ ನಮ್ಮ ಕಸುಬಿನ ಮೂಲಪುರುಷ ಅಂತ ನಾನು ತಮಾಷೆ ಮಾಡುವುದುಂಟು. ತಮಾಷೆ ಅರ್ಧಕ್ಕೇ ನಿಲ್ಲುತ್ತದೆ. ಊರಿಗೆಲ್ಲ ಸಾರಿದವನನ್ನೇ ಊರು ಪಂಕ್ತಿಯಿಂದ ಹೊರಗೆ ನಿಲ್ಲಿಸಿತ್ತು ಅನ್ನುವುದೂ ನೆನಪಾಗುತ್ತದಲ್ಲ.

ಎರಡನೇ ವರ್ಷ ನಾನು ಕಪ್ಪು ಹಲಗೆ ತಂದೆ. ಶಾಲೆಯೊಂದು ಗುಜರಿಗೆ ಹಾಕಿದ್ದ ಹಲಗೆ. ಗೋಡೌನಿನ ಹೊರಗೆ ನಿಲ್ಲಿಸಿ, ಸೀಮೆಸುಣ್ಣದಲ್ಲಿ ದಿನಾ ಬರೆಯತೊಡಗಿದೆ. ಇವತ್ತು ಏನು, ಎಷ್ಟು ಗಂಟೆಗೆ, ಎಷ್ಟು ಹೊತ್ತು, ಟಿಕೆಟ್ ಎಷ್ಟು. ಅಷ್ಟೇ. ‘ಎಷ್ಟು ಹೊತ್ತು’ ಅನ್ನುವುದನ್ನು ಬರೆಯಬೇಕು ಅಂತ ಹೇಳಿಕೊಟ್ಟದ್ದು ಎದುರಿನ ಮನೆಯ ಅಜ್ಜಿ. “ಮುಗಿಯೋದು ಯಾವಾಗ ಅಂತ ಗೊತ್ತಾದ್ರೆ ಸೊಸೆ ಬಿಡ್ತಾಳೆ” ಅಂದರು. ಹದಿನಾಲ್ಕು ವರ್ಷದ ಅನುಭವಕ್ಕೆ ಇದು ಹೊಳೆದಿರಲಿಲ್ಲ.

ಆಮೇಲೆ ಪೇಪರು. ಮೊದಲೆಲ್ಲ ನಾನು ಎರಡು ಪುಟದ ಪತ್ರಿಕಾ ಪ್ರಕಟಣೆ ಬರೆಯುತ್ತಿದ್ದೆ. ಉದ್ದೇಶ, ಆಶಯ, ಪರಿಕಲ್ಪನೆ. ಊರಿನ ಪೇಪರಿನ ಡೆಸ್ಕಿನಲ್ಲಿ ಕೂರುವ ಹುಡುಗ ಒಂದು ದಿನ ಕೈಮುಗಿದ. “ಮೇಡಂ, ನಾಲ್ಕು ಸಾಲು ಕೊಡಿ, ಸಂಜೆ ಐದರೊಳಗೆ ಕೊಡಿ, ‘ನಗರದಲ್ಲಿ ಇಂದು’ಗೆ ಹಾಕ್ತೀನಿ.” ಈ ಊರಿನ ಮನೆಗಳಲ್ಲಿ ಜನತಾವಾಣಿ ಓದುವವರನ್ನು ಗಮನಿಸಿ. ಮೊದಲು ನಿಧನವಾರ್ತೆ, ಆಮೇಲೆ ಇಂದಿನ ಕಾರ್ಯಕ್ರಮ, ಆಮೇಲೆ ದೇಶದ ಸುದ್ದಿ. ಆ ನಾಲ್ಕು ಸಾಲಿನಿಂದ ಬಂದಷ್ಟು ಜನ ನನ್ನ ಎರಡು ಪುಟದಿಂದ ಬಂದಿಲ್ಲ.

ಮೂರನೆಯದು ಒಂದು ನೂರು ಪೇಜಿನ ನೋಟ್‌ಬುಕ್ಕು. ಬಂದವರ ಹೆಸರು, ಫೋನ್ ನಂಬರು, ಏನು ಇಷ್ಟ ಅಂತ ಬರೆಸಿಕೊಳ್ಳುತ್ತೇವೆ. ಶುಕ್ರವಾರ ಸಂಜೆ ಇಬ್ಬರು ಕೂತು ಫೋನ್ ಮಾಡುತ್ತೇವೆ. ಮೆಸೇಜ್ ಅಲ್ಲ, ಫೋನು. ‘ನಾಳೆ ಸಂಜೆ ಇದೆ, ಬರ್ರಿ’ ಅನ್ನುತ್ತೇವೆ. ಮದುವೆಗೆ ವಾಟ್ಸಾಪ್‌ನಲ್ಲಿ ಕಾರ್ಡು ಕಳಿಸಿದರೆ ‘ಕರೆದೇ ಇಲ್ಲ’ ಅನ್ನುವ ಊರಲ್ವಾ ನಮ್ಮದು.

ಪೋಸ್ಟರನ್ನೂ ಬದಲಾಯಿಸಿದೆವು. 1964ರಲ್ಲಿ ಶುರುವಾದ ನಮ್ಮ ದೃಶ್ಯಕಲಾ ಕಾಲೇಜಿನ ಹುಡುಗರು ಬಂದು ಕೈಯಲ್ಲೇ ಬಿಡಿಸಿಕೊಡುತ್ತಾರೆ. ಒಂದರ ಹಾಗೆ ಇನ್ನೊಂದಿಲ್ಲ. ನನ್ನ ಎರಡು ಬಣ್ಣದ ನಿಯಮ ಮೊದಲ ದಿನವೇ ಮಣ್ಣುಪಾಲಾಯಿತು. ಅಂಗಡಿಯವರು ಆ ಪೋಸ್ಟರನ್ನು ನಾಟಕ ಮುಗಿದ ಮೇಲೂ ತೆಗೆಯುವುದಿಲ್ಲ, ಚೆನ್ನಾಗಿದೆ ಇರಲಿ ಬಿಡ್ರಿ ಅನ್ನುತ್ತಾರೆ. ಹೋದ ತಿಂಗಳ ಪೋಸ್ಟರ್ ನೋಡಿ ಈ ತಿಂಗಳು ಬಂದು ಜಗಳ ಆಡಿದವರೂ ಇದ್ದಾರೆ.

ಇದೆಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಮಂಡಕ್ಕಿ ಭಟ್ಟಿಯ ಹೆಂಗಸರು. ಅವರ ಓಣಿಗೆ ನಾನು ಮೂರು ಸಲ ಹೋಗಿ ಹೇಳಿ ಬಂದಿದ್ದೆ. ಬಾಯ್ತುಂಬ ಮಾತಾಡಿದರು, ಸೇರುಗಟ್ಟಲೆ ಮಂಡಕ್ಕಿ ಕೊಟ್ಟರು. ನಾಟಕಕ್ಕೆ ಮಾತ್ರ ಒಬ್ಬರೂ ಬರಲಿಲ್ಲ. ನಾಲ್ಕನೇ ಸಲ ಹೋದಾಗ ಹೇಳುವುದು ಬಿಟ್ಟು ಕೇಳಿದೆ. “ಯಾಕಕ್ಕ ಬರಲ್ಲ?” ಒಬ್ಬಾಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದಳು: “ನಸುಕಿಗೇ ಎದ್ದು ಬೆಂಕಿ ಮುಂದೆ ನಿಂತಿರ್ತೀವಿ. ನೀವು ರಾತ್ರಿ ಆಡ್ತೀರಿ. ಅಲ್ಲಿ ಬಂದು ನಿದ್ದಿ ಮಾಡೋಣೇನು?” ಮುಂದಿನ ತಿಂಗಳು ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಒಂದು ಆಟ ಇಟ್ಟೆವು. ಹನ್ನೊಂದು ಜನ ಬಂದರು, ಮಕ್ಕಳ ಸಮೇತ. ಅದಕ್ಕೆ ಪೋಸ್ಟರ್ ಬೇಕಾಗಲಿಲ್ಲ. ಗಡಿಯಾರ ಬದಲಾಯಿಸಬೇಕಿತ್ತು.

ಇಷ್ಟು ನನ್ನ ಕಡೆಯ ಲೆಕ್ಕ. ಈಗ ನಿಮ್ಮ ಸರದಿ.

ಈಗ ನಿಮಗೆ ಗೊತ್ತಾಗುತ್ತಿದೆ. ಹಲಗೆ ನೋಡುತ್ತೀರಿ, ಪೇಪರ್ ನೋಡುತ್ತೀರಿ, ಫೋನ್ ಎತ್ತಿ ‘ಖಂಡಿತ ಬರ್ತೀವಿ’ ಅನ್ನುತ್ತೀರಿ. ಆದರೂ 120 ಕುರ್ಚಿಯಲ್ಲಿ ಅರ್ಧ ಖಾಲಿ. ಯಾಕೆ ಅಂತ ನಾನು ಬಂದವರನ್ನೂ ಕೇಳಿದ್ದೇನೆ, ಬಾರದವರನ್ನೂ ಕೇಳಿದ್ದೇನೆ. ಟಿವಿ, ಮೊಬೈಲು ಅಂತ ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ. ನನಗೆ ಕಂಡದ್ದು ಬೇರೆ.

ಮೊದಲನೆಯದು ನಮ್ಮ ಆಮಂತ್ರಣ ಪತ್ರಿಕೆ. ಒಂದು ಸಲ ಒಂದು ಸಂಘದವರು ಗೋಡೌನು ಬಾಡಿಗೆಗೆ ತೆಗೆದುಕೊಂಡು ಮಕ್ಕಳ ನಾಟಕ ಇಟ್ಟರು. ಯಾವ ಸಂಘ ಅನ್ನುವುದು ಬೇಡ. ಕಾರ್ಡು ಮಾಡಿಸುವ ಕೆಲಸ ನನಗೆ ಬಂತು. ದಿವ್ಯ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು. ಒಟ್ಟು ಹದಿನೇಳು ಹೆಸರು. ಪ್ರೂಫ್ ನಾಲ್ಕು ಸಲ ಬದಲಾಯಿತು. ಒಬ್ಬರ ಹೆಸರು ಇನ್ನೊಬ್ಬರ ಕೆಳಗೆ ಬಂತು ಅಂತ ಒಂದು ಸಲ, ಫೋಟೊ ಸಣ್ಣದಾಯಿತು ಅಂತ ಇನ್ನೊಂದು ಸಲ. ಕಾರ್ಡಿನ ತಳದಲ್ಲಿ, ಪ್ರೆಸ್ಸಿನವರ ಹೆಸರಿಗಿಂತ ಒಂದು ಸಾಲು ಮೇಲೆ, ಇಷ್ಟಿತ್ತು: ‘ನಂತರ ನಾಟಕ’. ಯಾವ ನಾಟಕ ಅಂತಲೂ ಇಲ್ಲ. ನಾನು ಕೇಳಿದ್ದಕ್ಕೆ “ಜಾಗ ಇಲ್ಲಲ್ಲ ಮೇಡಂ” ಅಂದರು.

ಆರು ಗಂಟೆಯ ಕಾರ್ಯಕ್ರಮ. ಅತಿಥಿಗಳು ಬಂದದ್ದು ಏಳೂಕಾಲಿಗೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೊ. ಭಾಷಣ ಮಾಡಿದವರೆಲ್ಲ ‘ಸಮಯದ ಅಭಾವ’ ಅಂತಲೇ ಶುರು ಮಾಡಿದರು. ವಂದನಾರ್ಪಣೆ ಮುಗಿದಾಗ ಎಂಟೂ ಮುಕ್ಕಾಲು. ಅತಿಥಿಗಳು ಎದ್ದರು, ಅವರ ಜೊತೆ ಅವರ ಕಡೆಯವರೂ ಎದ್ದರು, ಕೊನೆ ಆಟೋ ತಪ್ಪುತ್ತದೆ ಅಂತ ಹೆಂಗಸರೂ ಎದ್ದರು. ಪರದೆ ಹಿಂದೆ ನಾಲ್ಕು ಗಂಟೆಯಿಂದ ಬಣ್ಣ ಹಚ್ಚಿಕೊಂಡು ಕೂತಿದ್ದ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಮಾಡುತ್ತಿದ್ದರು. ಅಭಿಮನ್ಯು ಆಗಿದ್ದ ಹುಡುಗನ ಮೀಸೆ ಕೆನ್ನೆಗೆ ಇಳಿದಿತ್ತು. ಎಬ್ಬಿಸಿ ನಿಲ್ಲಿಸಿದೆವು. ಹತ್ತಕ್ಕೆ ಮೈಕ್ ಬಂದ್ ಮಾಡಲೇಬೇಕು. ಹುಡುಗ ಚಕ್ರವ್ಯೂಹದ ಒಳಗೆ ಹೋದ. ಹೊರಗೆ ಬರುವುದು ಹಾಗಿರಲಿ, ಸಾಯುವುದಕ್ಕೂ ಅವನಿಗೆ ಟೈಮ್ ಸಿಗಲಿಲ್ಲ.

ಆ ರಾತ್ರಿ ಅವನು ಅತ್ತದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಮೂರು ತಿಂಗಳು ಡೈಲಾಗ್ ಬಾಯಿಪಾಠ ಮಾಡಿದ್ದ. ಅವನ ಹೆಸರು ಕಾರ್ಡಿನಲ್ಲಿ ಇರಲಿಲ್ಲ.

ಅಂದಿನಿಂದ ಗೋಡೌನಿನಲ್ಲಿ ವೇದಿಕೆ ಕಾರ್ಯಕ್ರಮ ಇಲ್ಲ. ಉದ್ಘಾಟನೆ ಇಲ್ಲ, ಶಾಲು ಇಲ್ಲ. ಮೂರನೇ ಬೆಲ್ ಆದರೆ ಪರದೆ ಸರಿಯುತ್ತದೆ. ಇದರಿಂದ ಕೆಲವರಿಗೆ ಬೇಜಾರಾಗಿದೆ. ‘ಕರೀಲಿಲ್ಲ’ ಅಂದರು. ಕರೆದಿದ್ದೆವು, ಕುರ್ಚಿಗೆ. ವೇದಿಕೆಗೆ ಕರೆದಿರಲಿಲ್ಲ. ನಮ್ಮೂರಿನಲ್ಲಿ ಇವೆರಡೂ ಬೇರೆ ಬೇರೆ ಅಂತ ನನಗೆ ತಡವಾಗಿ ಗೊತ್ತಾಯಿತು. ನಾಟಕಕ್ಕೆಂದೇ ಜನ ಬರುವುದಿಲ್ಲ ಅನ್ನುವವರು ಸಾಣೇಹಳ್ಳಿಯನ್ನು ನೋಡಲಿ. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ನವೆಂಬರ್ ಬಂತೆಂದರೆ ನಾಟಕೋತ್ಸವ ಅಂತ ಸುತ್ತಲಿನ ಊರಿನವರಿಗೆ ಕೇಳಬೇಕಾಗಿಲ್ಲ. ಗ್ರೀಕ್ ಮಾದರಿಯ ಬಯಲು ರಂಗಮಂದಿರದ ಕಲ್ಲು ಮೆಟ್ಟಿಲುಗಳ ಮೇಲೆ ಜನ ಚಾದರ ಹೊದ್ದು ಕೂರುತ್ತಾರೆ. ಅಲ್ಲಿನ ಶಿವಸಂಚಾರ ತಂಡ ವರ್ಷಕ್ಕೆ ಮೂರು ನಾಟಕ ಹೊತ್ತು ರಾಜ್ಯ ತಿರುಗುತ್ತದೆ. ಅದು ಶುರುವಾದದ್ದು 1997ರಲ್ಲಿ. ನಾವು ಚಿತ್ರದುರ್ಗದಿಂದ ಬೇರೆಯಾಗಿ ನಮ್ಮದೇ ಜಿಲ್ಲೆ ಮಾಡಿಕೊಂಡ ವರ್ಷವೂ ಅದೇ. ಅವರು ಆ ವರ್ಷ ನಾಟಕ ಮಾಡಿಕೊಂಡರು, ನಾವು ಆಫೀಸು ಮಾಡಿಕೊಂಡೆವು. ಈ ಮಾತು ಸ್ವಲ್ಪ ಜಾಸ್ತಿಯಾಯಿತು, ಗೊತ್ತು. ಇರಲಿ.

ಎರಡನೆಯದು ಪಾಸು. “ಪಾಸ್ ಐತೇನ್ರಿ?” ಅಂತ ಕೇಳುವವರು ಕಾರಿನಲ್ಲಿ ಬರುವವರೇ. ಓಣಿಯ ಜನ ಒಬ್ಬರೂ ಇದುವರೆಗೆ ಪಾಸ್ ಕೇಳಿಲ್ಲ. ನಮ್ಮ ಟಿಕೆಟ್ 100 ರೂಪಾಯಿ, ವಿದ್ಯಾರ್ಥಿಗಳಿಗೆ 30. ನಾಟಕದ ಟಿಕೆಟ್ 500 ರೂಪಾಯಿ ಒಳಗಿದ್ದರೆ ಜಿಎಸ್‌ಟಿಯನ್ನು ಸರ್ಕಾರವೇ ಕೇಳುವುದಿಲ್ಲ. ನೀವು ಕೊಡುವ ನೂರೂ ಅಲ್ಲೇ ಉಳಿಯುತ್ತದೆ. ಲೈಟಿನವನಿಗೆ, ತಂಡದ ಟೆಂಪೋ ಬಾಡಿಗೆಗೆ, ಅವರ ರಾತ್ರಿ ಊಟಕ್ಕೆ ಹೋಗುತ್ತದೆ. ಅತಿ ಹೆಚ್ಚು ಪಾಸ್ ಕೇಳುವವರು ಯಾರು ಗೊತ್ತಾ? ‘ಕಲೆ ಉಳಿಯಬೇಕು’ ಅನ್ನುವವರು. ನೆಲದ ಟಿಕೆಟ್ ತೆಗೆದುಕೊಂಡು ಬೆಳತನಕ ಕೂತ ಹಮಾಲರ ಊರಿನಲ್ಲಿ ಇದನ್ನು ಬರೆಯಲು ನನಗೇ ನಾಚಿಕೆಯಾಗುತ್ತದೆ.

ಇನ್ನು ಅಂಗಡಿ, ಮಿಲ್ಲು, ಶಾಲೆ, ಆಸ್ಪತ್ರೆ ನಡೆಸುವ ಯಜಮಾನರಿಗೆ ಒಂದೆರಡು ಮಾತು. ಜಯದೇವ ಸರ್ಕಲ್ಲಿನಿಂದ ಗಡಿಯಾರ ಕಂಬದ ತನಕ ಒಮ್ಮೆ ತಲೆ ಎತ್ತಿ ನಡೆಯಿರಿ. ಹುಟ್ಟುಹಬ್ಬದ ಶುಭಾಶಯ ಎಷ್ಟಿವೆ ನೋಡಿ. ರಾಜ್ಯ ಸರ್ಕಾರ ಫ್ಲೆಕ್ಸನ್ನು ನಿಷೇಧಿಸಿದ್ದು 2016ರ ಮಾರ್ಚಿನಲ್ಲಿ. ಆ ನಿಷೇಧಕ್ಕೇ ಹತ್ತಿರ ಹತ್ತಿರ ಹತ್ತು ವರ್ಷ ವಯಸ್ಸಾಯಿತು, ಅದಕ್ಕೂ ಯಾರಾದರೂ ಶುಭಾಶಯದ ಫ್ಲೆಕ್ಸ್ ಹಾಕಬಹುದು. ಒಂದು ಹುಟ್ಟುಹಬ್ಬದ ಫ್ಲೆಕ್ಸುಗಳ ಖರ್ಚಿನಲ್ಲಿ ನಮ್ಮ ಒಂದು ಶನಿವಾರ ಕಳೆಯುತ್ತದೆ. ಕೊಡುವುದಾದರೆ ಕೊಡಿ, ನಿಮ್ಮ ಹೆಸರು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇರುತ್ತದೆ. ಪರದೆಯ ಮೇಲೆ ಇರುವುದಿಲ್ಲ. ಕೌರವನ ಸಭೆಯ ಹಿಂದೆ ಸಿಮೆಂಟ್ ಜಾಹೀರಾತು ಇದ್ದರೆ ದ್ರೌಪದಿ ಯಾರನ್ನು ನೋಡಿ ಅಳಬೇಕು?

ದೊಡ್ಡ ಕಂಪನಿಗಳ ಸಿಎಸ್‌ಆರ್ ದುಡ್ಡು, ಅಂದರೆ ಸಮಾಜಕ್ಕೆಂದು ತೆಗೆದಿಡುವ ಪಾಲು, ತರಬಹುದಲ್ಲ ಅಂತ ಬಹಳ ಜನ ಸಲಹೆ ಕೊಡುತ್ತಾರೆ. 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಕಲೆ, ಸಂಸ್ಕೃತಿ ಇರುವುದು ನಿಜ. ಐದು ಕೋಟಿ ಲಾಭ ದಾಟಿದ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡನ್ನು ಇಂಥದಕ್ಕೆ ಖರ್ಚು ಮಾಡಬೇಕು ಅನ್ನುವುದೂ ನಿಜ. ಆದರೆ ಆ ದುಡ್ಡು ಸಿಗಬೇಕಾದರೆ ನಮಗೆ ಆದಾಯ ತೆರಿಗೆ ಇಲಾಖೆಯಲ್ಲಿ ಧರ್ಮಾರ್ಥ ಸಂಸ್ಥೆ ಅಂತ ನೋಂದಣಿ ಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನುವ ಇನ್ನೊಂದು ಫಾರಂ ಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು. ಮೂರು ವರ್ಷ ನಮಗೆ ಈಗಷ್ಟೇ ತುಂಬಿದೆ. ಆಡಿಟರ್ ಒಬ್ಬರು ಬಂದು ಕಾಗದ ನೋಡಿಕೊಟ್ಟರೆ ಅದು ಸಾವಿರ ರೂಪಾಯಿ ದೇಣಿಗೆಗಿಂತ ದೊಡ್ಡದು. ನಮ್ಮ ಕಸುಬಿನವರೂ ಈ ಊರಿನಲ್ಲಿ ಬಹಳ ಜನ ಇದ್ದೀರಿ. ಕಾಲೇಜುಗಳ ಅಡ್ಮಿಷನ್ ಜಾಹೀರಾತು, ಆಸ್ಪತ್ರೆಗಳ ಪೇಜು ನೋಡಿಕೊಳ್ಳುವವರು. ವಾರಕ್ಕೆ ಎರಡು ಗಂಟೆ ಬನ್ನಿ. ಲೋಗೋ ಮಾತ್ರ ತರಬೇಡಿ, ಒಂದು ಬಿದ್ದಿದೆ.

ಈ ಪತ್ರ ಈಗಲೇ ಯಾಕೆ ಅಂತ ನೀವು ಕೇಳಬಹುದು. ಹೋದ ವಾರ ಗೋಡೌನಿನ ಯಜಮಾನರು ಬಂದಿದ್ದರು. ಒಳ್ಳೆಯವರು, ಮೂರು ವರ್ಷದಿಂದ ಬಾಡಿಗೆ ಏರಿಸಿಲ್ಲ. ಆ ಜಾಗದಲ್ಲಿ ಕಾಂಪ್ಲೆಕ್ಸ್ ಕಟ್ಟಲು ಯಾರೋ ಮುಂದೆ ಬಂದಿದ್ದಾರಂತೆ. ಮಗನಿಗೂ ಅದೇ ಮನಸ್ಸಂತೆ. ಚಹಾ ಕುಡಿದು ನಿಧಾನವಾಗಿ ಕೇಳಿದರು: “ಜನ ಬರ್ತಾರೇನಮ್ಮ? ಬಂದ್ರೆ ಇಟ್ಕೊಳ್ರಿ. ಖಾಲಿ ಇಟ್ಟು ನೀವೇನ್ ಮಾಡ್ತೀರಿ? ಯುಗಾದಿ ತನಕ ನೋಡೋಣ.”

ಮಾಡುವುದಾದರೆ ನಾನು ಈಗ ‘ಗೋಡೌನು ಉಳಿಸಿ’ ಅಂತ ಒಂದು ಅಭಿಯಾನ ಶುರು ಮಾಡಬೇಕಿತ್ತು. ಅದು ನನಗೆ ಗೊತ್ತಿರುವ ಕೆಲಸವೇ. ನಾಲ್ಕು ಗಣ್ಯರ ವಿಡಿಯೊ, ಒಂದು ಕಪ್ಪು ಬಿಳುಪು ಫೋಟೊ, ಎರಡು ದಿನ ಎಲ್ಲರ ಸ್ಟೇಟಸ್ಸು. ಒಂದು ವಾರ ಊರೆಲ್ಲ ಅದೇ ಮಾತು. ಎಂಟನೇ ದಿನ ಅದೇ ಖಾಲಿ ಕುರ್ಚಿ. ಯಜಮಾನರು ಕೇಳಿದ್ದು ಎಷ್ಟು ಜನ ಮರುಗುತ್ತಾರೆ ಅಂತಲ್ಲ, ಎಷ್ಟು ಜನ ಬರುತ್ತಾರೆ ಅಂತ. ಅದಕ್ಕೇ ‘ಉಳಿಸಿ’ ಅನ್ನುವ ಪದವನ್ನು ನಾನು ಬಳಸುವುದಿಲ್ಲ. ಸಹಿ ಸಂಗ್ರಹವೂ ಇಲ್ಲ, ಮನವಿ ಪತ್ರವೂ ಇಲ್ಲ. ಹೇಳಬೇಕಾದ್ದನ್ನು ಹಲಗೆಯ ಮೇಲೆ ಬರೆಯುವ ಹಾಗೆ ಇಲ್ಲೂ ಬರೆಯುತ್ತೇನೆ.

ಪ್ರತಿ ತಿಂಗಳ ಎರಡನೇ ಶನಿವಾರ ಸಂಜೆ ಆರೂವರೆಗೆ ನಾಟಕ. ದಿನ ಬದಲಾಗುವುದಿಲ್ಲ. ಎಂಟೂವರೆ ಒಳಗೆ ಮುಗಿಯುತ್ತದೆ, ಸೊಸೆಗೆ ಹೇಳಿ ಬನ್ನಿ. ಅದೇ ನಾಟಕ ಮಾರನೇ ದಿನ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಇನ್ನೊಮ್ಮೆ, ನಸುಕಿಗೆ ಏಳುವವರಿಗಾಗಿ. ಟಿಕೆಟ್ 100, ವಿದ್ಯಾರ್ಥಿಗಳಿಗೆ 30. ಕಾರು ಓಣಿಯೊಳಗೆ ಬರುವುದಿಲ್ಲ, ದೊಡ್ಡ ರಸ್ತೆಯಲ್ಲೇ ಬಿಟ್ಟು ಬನ್ನಿ. ಓಣಿಗೆ ಬಂದು ನಾಟಕದ ಗೋಡೌನು ಅಂತ ಚಹಾ ಅಂಗಡಿಯ ಅಣ್ಣನನ್ನು ಕೇಳಿ. ಈಗ ಅವರು ಅಂಗಡಿಯನ್ನು ಮಗನಿಗೆ ಬಿಟ್ಟು ಮೊದಲ ಸಾಲಿನಲ್ಲಿ ಕೂರುತ್ತಾರೆ, ಹಾಗಾಗಿ ಆರೂವರೆಗೆ ಮುಂಚೆ ಕೇಳಿ. ಮಳೆ ಬಂದರೆ ತಗಡಿನ ಸದ್ದಿಗೆ ಮಾತು ಕೇಳಿಸುವುದಿಲ್ಲ. ಆಗ ಪಾತ್ರಧಾರಿಗಳು ಇದ್ದಲ್ಲೇ ನಿಲ್ಲುತ್ತಾರೆ, ಮೇಷ್ಟ್ರು ಹಾರ್ಮೋನಿಯಂ ನುಡಿಸುತ್ತಾರೆ, ಮಳೆ ಇಳಿದ ಮೇಲೆ ಅದೇ ಮಾತಿನಿಂದ ಮುಂದುವರಿಯುತ್ತದೆ.

ಇಂತಿ,
ಗೋಡೌನಿನ ಹಲಗೆ ಬರೆಯುವವಳು
ದಾವಣಗೆರೆ